ದೈತ್ಯ ಗ್ರಹಗಳ ವಾತಾವರಣ ಪ್ರವೇಶದಲ್ಲಿ ವಾಯುಬಲ ತಾಪನ

ವಾಯುಬಲ ತಾಪನ ಎಂದರೆ ಅತಿವೇಗದಲ್ಲಿ ಚಲಿಸುವ ಕಾಯವೊಂದು ಅನಿಲದೊಳಗೆ ನುಗ್ಗಿದಾಗ ಆ ಅನಿಲವೂ ಅದರ ಮೂಲಕ ಆ ಕಾಯದ ಮೇಲ್ಮೈಯೂ ಬಿಸಿಯಾಗುವ ವಿದ್ಯಮಾನ. ಭೂಮಿಗೆ ಮರಳುವ ಗಗನನೌಕೆಗಳೆಲ್ಲವೂ ಇದನ್ನು ಎದುರಿಸುತ್ತವೆ. ಆದರೆ ಗುರು, ಶನಿ, ಯುರೇನಸ್ ಮತ್ತು ನೆಪ್ಚೂನ್ ಎಂಬ ದೈತ್ಯ ಗ್ರಹಗಳ ಪ್ರಬಲ ಗುರುತ್ವದಿಂದಾಗಿ ಅಲ್ಲಿಗೆ ಇಳಿಯುವ ಶೋಧಕಗಳ ವೇಗವೂ ತಾಪನವೂ ಬಹಳ ಹೆಚ್ಚಾಗಿರುತ್ತವೆ. ಇವುಗಳಲ್ಲಿ ಗುರುವಿನದು ಅತ್ಯಂತ ಕಠಿಣವಾದ ಪ್ರವೇಶ. ಉಷ್ಣ ಕವಚವನ್ನು ಹೊತ್ತು ದೈತ್ಯ ಗ್ರಹವೊಂದರ ವಾತಾವರಣವನ್ನು ಹೊಕ್ಕು, ಅಲ್ಲಿಂದ ಮಾಹಿತಿ ಕಳುಹಿಸಿದ ನೌಕೆ ಇದುವರೆಗೆ ಒಂದೇ ಒಂದು: ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಗೆಲಿಲಿಯೋ ಶೋಧಕ. ಅದು 1995ರ ಡಿಸೆಂಬರ್ 7ರಂದು ಗುರುವಿನ ವಾತಾವರಣವನ್ನು ಸೆಕೆಂಡಿಗೆ ಸುಮಾರು 47.4 ಕಿ.ಮೀ. ವೇಗದಲ್ಲಿ ಪ್ರವೇಶಿಸಿತು. ಈ ವಿಷಯದ ಬಗ್ಗೆ ನೇರ ಅಳತೆಯಿಂದ ತಿಳಿದಿರುವುದೆಲ್ಲವೂ ಬಹುಪಾಲು ಆ ಒಂದು ಪ್ರವೇಶದಿಂದಲೇ ಬಂದದ್ದು.

ಪ್ರವೇಶ ವೇಗ

ದೂರದಿಂದ ಗ್ರಹವೊಂದರತ್ತ ಬೀಳುವ ಕಾಯವು ಅದರ ವಾತಾವರಣವನ್ನು ಮುಟ್ಟುವಾಗ ಕನಿಷ್ಠಪಕ್ಷ ಆ ಗ್ರಹದ ವಿಮೋಚನಾ ವೇಗದಷ್ಟು ವೇಗವನ್ನು ಪಡೆದಿರುತ್ತದೆ. ಭೂಮಿಯ ವಿಮೋಚನಾ ವೇಗ ಸೆಕೆಂಡಿಗೆ 11.2 ಕಿ.ಮೀ. ಗುರುವಿನದು ಸುಮಾರು 59.5, ಶನಿಯದು 35.5, ನೆಪ್ಚೂನಿನದು 23.5 ಮತ್ತು ಯುರೇನಸ್‌ನದು 21.3 ಕಿ.ಮೀ. ಈ ವೇಗವನ್ನು ಇಂಧನ ಉರಿಸಿ ತಗ್ಗಿಸುವುದು ಕಾರ್ಯಸಾಧ್ಯವಲ್ಲ. ಅಷ್ಟು ಇಂಧನವನ್ನು ಭೂಮಿಯಿಂದ ಹೊತ್ತೊಯ್ಯಬಲ್ಲ ರಾಕೆಟ್ ಇಲ್ಲ. ಆದ್ದರಿಂದ ಶೋಧಕವನ್ನು ನಿಧಾನಗೊಳಿಸುವ ಕೆಲಸವನ್ನು ಗ್ರಹದ ವಾತಾವರಣಕ್ಕೇ ಬಿಡಬೇಕಾಗುತ್ತದೆ.

ಇಲ್ಲಿ ಒಂದು ಅನುಕೂಲವಿದೆ. ದೈತ್ಯ ಗ್ರಹಗಳು ತಮ್ಮ ಅಕ್ಷದ ಸುತ್ತ ಬಹಳ ವೇಗವಾಗಿ ತಿರುಗುತ್ತವೆ. ಹತ್ತು ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ಮುಗಿಸುವ ಗುರುವಿನ ಸಮಭಾಜಕ ವೃತ್ತದಲ್ಲಿ ವಾತಾವರಣವೇ ಸೆಕೆಂಡಿಗೆ ಸುಮಾರು 12.6 ಕಿ.ಮೀ. ವೇಗದಲ್ಲಿ ಪೂರ್ವದತ್ತ ಧಾವಿಸುತ್ತಿರುತ್ತದೆ. ಶೋಧಕವು ಅದೇ ದಿಕ್ಕಿನಲ್ಲಿ ಒಳಹೊಕ್ಕರೆ ಈ ವೇಗವು ಪ್ರವೇಶ ವೇಗದಿಂದ ಕಳೆದುಹೋಗುತ್ತದೆ. ಗೆಲಿಲಿಯೋ ಶೋಧಕವನ್ನು ಸಮಭಾಜಕಕ್ಕೆ ಸಮೀಪದಲ್ಲಿ, ಸುಮಾರು 6.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಭ್ರಮಣದ ದಿಕ್ಕಿನಲ್ಲೇ ಇಳಿಸಿದ್ದು ಇದೇ ಕಾರಣಕ್ಕೆ. ಸುಮಾರು 60 ಕಿ.ಮೀ. ಇರಬೇಕಾಗಿದ್ದ ವೇಗ ಹೀಗೆ 47.4ಕ್ಕೆ ಇಳಿಯಿತು. ಎದುರು ದಿಕ್ಕಿನಿಂದ ಬಂದಿದ್ದರೆ ಅದು 72 ಕಿ.ಮೀ. ಮೀರುತ್ತಿತ್ತು, ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಎದುರಿಸಬೇಕಾದ ಶಕ್ತಿ ಎರಡೂಕಾಲು ಪಟ್ಟಿಗೂ ಹೆಚ್ಚಾಗುತ್ತಿತ್ತು. ಗುರುವಿನ ಧ್ರುವ ಪ್ರದೇಶಕ್ಕೆ ಶೋಧಕವೊಂದನ್ನು ಇಳಿಸುವುದು ಸಮಭಾಜಕಕ್ಕಿಂತ ಬಹಳ ಕಷ್ಟವಾಗಿರುವುದೂ ಇದರಿಂದಲೇ: ಅಲ್ಲಿ ಭ್ರಮಣದ ನೆರವು ಸಿಗುವುದಿಲ್ಲ.

ಪ್ರವೇಶ ಕೋನವೂ ಅಷ್ಟೇ ಮುಖ್ಯ. ಕೋನ ತೀರಾ ಚಿಕ್ಕದಾದರೆ ಶೋಧಕವು ವಾತಾವರಣದ ಅಂಚನ್ನು ಸವರಿಕೊಂಡು ಹೊರಕ್ಕೆ ಹೋಗಿಬಿಡುತ್ತದೆ. ತೀರಾ ದೊಡ್ಡದಾದರೆ ದಟ್ಟವಾದ ಪದರವನ್ನು ಪೂರ್ಣ ವೇಗದಲ್ಲೇ ತಲುಪಿ, ಅಲ್ಲಿನ ತಾಪವನ್ನೂ ಒತ್ತಡವನ್ನೂ ತಾಳಲಾರದೆ ನಾಶವಾಗುತ್ತದೆ. ಗೆಲಿಲಿಯೋ ಶೋಧಕದ ಕೋನ ಸುಮಾರು 8.5 ಡಿಗ್ರಿಯಷ್ಟಿತ್ತು, ಅದರಲ್ಲಿ ಒಂದೂವರೆ ಡಿಗ್ರಿಯಷ್ಟು ವ್ಯತ್ಯಾಸಕ್ಕೂ ಎಡೆಯಿರಲಿಲ್ಲ. ಶೋಧಕಕ್ಕೆ ತನ್ನದೇ ಆದ ಎಂಜಿನ್ ಇರಲಿಲ್ಲ, ಆದೇಶಗಳನ್ನು ಸ್ವೀಕರಿಸುವ ರೇಡಿಯೋ ಗ್ರಾಹಕವೂ ಇರಲಿಲ್ಲ. 1995ರ ಜುಲೈ ತಿಂಗಳಲ್ಲಿ, ಗುರುವಿನಿಂದ 8 ಕೋಟಿ ಕಿ.ಮೀ. ದೂರದಲ್ಲಿರುವಾಗಲೇ, ಮಾತೃನೌಕೆಯು ಅದನ್ನು ಗುರಿಯಿಟ್ಟು ಬಿಡುಗಡೆ ಮಾಡಿತು. ಐದು ತಿಂಗಳ ಒಂಟಿ ಪಯಣದಲ್ಲಿ ಅದರೊಳಗೆ ನಡೆಯುತ್ತಿದ್ದುದು ಒಂದು ಗಡಿಯಾರ ಮಾತ್ರ. ಪ್ರವೇಶಕ್ಕೆ ಆರು ಗಂಟೆ ಇರುವಾಗ ಆ ಗಡಿಯಾರವೇ ಉಳಿದ ಉಪಕರಣಗಳನ್ನು ಎಚ್ಚರಿಸಿತು.

ತಾಪ ಹುಟ್ಟುವ ಬಗೆ

ವಾತಾವರಣ ಪ್ರವೇಶದ ತಾಪಕ್ಕೆ ಗಾಳಿಯ ಘರ್ಷಣೆಯೇ ಕಾರಣವೆಂಬ ವಿವರಣೆ ಜನಪ್ರಿಯವಾಗಿದ್ದರೂ ಅದು ಪೂರ್ತಿ ಸರಿಯಲ್ಲ. ಗುರುವಿನ ಮೇಲ್ಪದರದ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಕಡಿಮೆ. ಅದರ ಸುಮಾರು 50 ಪಟ್ಟು ವೇಗದಲ್ಲಿ ಬರುವ ಶೋಧಕಕ್ಕೆ ಮುಂದಿನ ಅನಿಲವು ದಾರಿ ಬಿಟ್ಟು ಸರಿಯಲು ಸಮಯವೇ ಸಿಗುವುದಿಲ್ಲ. ಅನಿಲವು ಶೋಧಕದ ಎದುರು ರಾಶಿಗೊಂಡು ಥಟ್ಟನೆ ಸಂಕುಚಿತಗೊಳ್ಳುತ್ತದೆ. ಹೀಗೆ ಉಂಟಾಗುವ ತೆಳುವಾದ ಮುಂಗೋಡೆಯನ್ನು ಆಘಾತ ತರಂಗವೆಂದೂ, ಅದಕ್ಕೂ ಕವಚಕ್ಕೂ ನಡುವೆ ಸಿಕ್ಕಿಬಿದ್ದ ಬಿಸಿ ಅನಿಲವನ್ನು ಆಘಾತ ಪದರವೆಂದೂ ಕರೆಯುತ್ತಾರೆ. ತಾಪದ ಬಹುಪಾಲು ಹುಟ್ಟುವುದು ಈ ಸಂಕೋಚನದಿಂದ. ಗೆಲಿಲಿಯೋ ಶೋಧಕದ ಆಘಾತ ಪದರದ ಉಷ್ಣತೆ ಸುಮಾರು 16,000 ಕೆಲ್ವಿನ್ ತಲುಪಿತೆಂದು ಲೆಕ್ಕಹಾಕಲಾಗಿದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,800 ಕೆಲ್ವಿನ್.

ಚಲನಶಕ್ತಿಯೆಲ್ಲವೂ ಉಷ್ಣತೆಯಾಗಿ ಮಾರ್ಪಟ್ಟಿದ್ದರೆ ಈ ಸಂಖ್ಯೆ ಇನ್ನೂ ಬಹಳ ದೊಡ್ಡದಾಗುತ್ತಿತ್ತು. ಅದನ್ನು ತಡೆಯುವುದು ಜಲಜನಕದ ಸ್ವಭಾವ. ಗುರುವಿನ ವಾತಾವರಣದಲ್ಲಿ ಅಣುಗಳ ಲೆಕ್ಕದಲ್ಲಿ ಸುಮಾರು ಶೇಕಡ 86ರಷ್ಟು ಜಲಜನಕವೂ ಶೇಕಡ 14ರಷ್ಟು ಹೀಲಿಯಮ್ಮೂ ಇವೆ. ಸೆಕೆಂಡಿಗೆ 47.4 ಕಿ.ಮೀ. ವೇಗದಲ್ಲಿ ಅಪ್ಪಳಿಸುವ ಒಂದು ಜಲಜನಕ ಪರಮಾಣುವಿನ ಪಾಲಿಗೆ ಸುಮಾರು 11.7 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬರುತ್ತದೆ. ಜಲಜನಕದ ಅಣುವನ್ನು ಎರಡು ಪರಮಾಣುಗಳಾಗಿ ಒಡೆಯಲು 4.5 ಎಲೆಕ್ಟ್ರಾನ್ ವೋಲ್ಟ್ ಬೇಕು, ಅಂದರೆ ಪರಮಾಣುವೊಂದಕ್ಕೆ ಅದರ ಅರ್ಧದಷ್ಟು. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಅಯಾನಾಗಿಸಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಹಾಗಾಗಿ ಗುರುವಿನಲ್ಲಿ ಅಣುಗಳು ಒಡೆಯುವುದಷ್ಟೇ ಅಲ್ಲ, ಪರಮಾಣುಗಳ ದೊಡ್ಡ ಭಾಗವೊಂದು ಅಯಾನೀಕರಣಗೊಂಡು ಆಘಾತ ಪದರವು ಪ್ಲಾಸ್ಮಾ ಆಗಿಬಿಡುತ್ತದೆ. ಈ ಎರಡು ಕ್ರಿಯೆಗಳೂ ಅಪಾರ ಶಕ್ತಿಯನ್ನು ಹೀರಿಕೊಂಡು ಉಷ್ಣತೆಯನ್ನು ಹಿಡಿತದಲ್ಲಿಡುತ್ತವೆ. ಆದರೆ ಅದೇ ಪ್ಲಾಸ್ಮಾ ತೀವ್ರವಾಗಿ ಬೆಳಗುತ್ತದೆ. ಗುರುವಿನ ಪ್ರವೇಶವನ್ನು ಕಠಿಣಗೊಳಿಸುವುದು ಈ ಬೆಳಕು.

ಕವಚಕ್ಕೆ ತಾಪ ತಲುಪುವ ದಾರಿಗಳು ಎರಡು. ಬಿಸಿ ಅನಿಲವು ಮೇಲ್ಮೈಯನ್ನು ಸವರಿ ಹರಿಯುವಾಗ ಕೊಡುವ ತಾಪ ಸಂವಹನದ್ದು. ಅದು ವೇಗದ ಘನಕ್ಕೆ ಹೆಚ್ಚುಕಡಿಮೆ ಅನುಗುಣವಾಗಿ ಏರುತ್ತದೆ. ಪ್ಲಾಸ್ಮಾ ಹೊರಸೂಸುವ ಬೆಳಕಿನ ಮೂಲಕ ಬರುವುದು ವಿಕಿರಣದ ತಾಪ. ವೇಗ ಹೆಚ್ಚಿದಂತೆ ಇದು ಇನ್ನೂ ಕಡಿದಾಗಿ ಏರುತ್ತದೆ. ಶನಿಯಲ್ಲಿ ಭ್ರಮಣದ ನೆರವು ಪಡೆದು ಸೆಕೆಂಡಿಗೆ 27 ಕಿ.ಮೀ. ವೇಗದಲ್ಲಿ ಪ್ರವೇಶಿಸಿದರೆ ಪರಮಾಣುವೊಂದಕ್ಕೆ ಸಿಗುವ ಶಕ್ತಿ 4 ಎಲೆಕ್ಟ್ರಾನ್ ವೋಲ್ಟಿಗೂ ಕಡಿಮೆ. ಅಣುಗಳು ಒಡೆಯುತ್ತವೆ, ಆದರೆ ಅಯಾನೀಕರಣಕ್ಕೆ ಉಳಿಯುವುದು ಅತ್ಯಲ್ಪ. ಅಲ್ಲಿ ಸಂವಹನದ ತಾಪವೇ ಪ್ರಧಾನವಾಗಿರುತ್ತದೆ. ಗುರು ಮತ್ತು ಶನಿಯ ವಾತಾವರಣಗಳು ಒಂದೇ ಅನಿಲಗಳಿಂದಾದವು; ಹಾಗಿದ್ದೂ ವೇಗದ ಅಂತರವೊಂದರಿಂದಲೇ ಅಲ್ಲಿನ ಪ್ರವೇಶಗಳು ಬೇರೆ ಬೇರೆ ಜಾತಿಯ ಸಮಸ್ಯೆಗಳಾಗುತ್ತವೆ.

ಮೊಂಡು ಮೂಗಿನ ಆಕಾರ

ವೇಗವಾಗಿ ಹೋಗುವ ವಸ್ತು ಚೂಪಾಗಿರಬೇಕೆಂಬುದು ಸಹಜವಾದ ಊಹೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಏಮ್ಸ್ ಸಂಶೋಧನಾ ಕೇಂದ್ರದ ಎಚ್. ಜೂಲಿಯನ್ ಆಲನ್ ಇದನ್ನು ತಲೆಕೆಳಗು ಮಾಡಿದರು. ಮೊಂಡು ಮುಖದ ಕಾಯವು ಆಘಾತ ತರಂಗವನ್ನು ತನ್ನಿಂದ ದೂರಕ್ಕೆ ತಳ್ಳಿ, ಶಕ್ತಿಯ ಬಹುಭಾಗವನ್ನು ಸುತ್ತಲಿನ ಅನಿಲಕ್ಕೇ ವರ್ಗಾಯಿಸುತ್ತದೆ ಎಂದು ಅವರು ತೋರಿಸಿಕೊಟ್ಟರು. ಮೂಗಿನ ತ್ರಿಜ್ಯ ಹೆಚ್ಚಿದಷ್ಟೂ ಸಂವಹನದ ತಾಪ ತಗ್ಗುತ್ತದೆ. ಆದರೆ ಗುರುವಿನಲ್ಲಿ ಈ ಸೂತ್ರ ಪೂರ್ತಿಯಾಗಿ ನಡೆಯುವುದಿಲ್ಲ. ಮೂಗು ದೊಡ್ಡದಾದಷ್ಟೂ ಬೆಳಗುವ ಆಘಾತ ಪದರ ದಪ್ಪವಾಗಿ ವಿಕಿರಣದ ತಾಪ ಏರುತ್ತದೆ. ಎರಡರ ನಡುವಿನ ಒಪ್ಪಂದವಾಗಿ ಗೆಲಿಲಿಯೋ ಶೋಧಕಕ್ಕೆ ಕೊಟ್ಟ ಆಕಾರವು ಸುಮಾರು 22 ಸೆಂ.ಮೀ. ತ್ರಿಜ್ಯದ ದುಂಡು ಮೂಗುಳ್ಳ ಶಂಕು. ಅದರ ಪಾರ್ಶ್ವವು ಅಕ್ಷದೊಂದಿಗೆ 45 ಡಿಗ್ರಿ ಕೋನ ಮಾಡುತ್ತಿತ್ತು. ಅತ್ಯಂತ ಅಗಲವಾದಲ್ಲಿ ಅದರ ವ್ಯಾಸ 1.26 ಮೀಟರ್.

ಸವೆದು ಕಾಪಾಡುವ ಕವಚ

ಸೆಕೆಂಡಿಗೆ 47.4 ಕಿ.ಮೀ. ವೇಗದಲ್ಲಿರುವ ಪ್ರತಿ ಕಿಲೋಗ್ರಾಂ ದ್ರವ್ಯದ ಚಲನಶಕ್ತಿ ಸುಮಾರು 1,120 ಮೆಗಾಜೌಲ್. ಚಂದ್ರನಿಂದ ಮರಳಿದ ಅಪೋಲೋ ನೌಕೆಗಳಿಗೆ ಹೋಲಿಸಿದರೆ ಇದು ಹದಿನೆಂಟು ಪಟ್ಟಿಗೂ ಹೆಚ್ಚು. ಒಂದು ಕಿಲೋಗ್ರಾಂ ಇಂಗಾಲವನ್ನು ಸಂಪೂರ್ಣ ಆವಿಯಾಗಿಸಲು ಸುಮಾರು 60 ಮೆಗಾಜೌಲ್ ಸಾಕು. ಅಂದರೆ ಶೋಧಕದ ಶಕ್ತಿಯೆಲ್ಲವೂ ಅದರ ಒಡಲಿಗೇ ಹೋಗಿದ್ದರೆ, ಪೂರ್ತಿ ಇಂಗಾಲದಿಂದಲೇ ಮಾಡಿದ್ದರೂ ಅದು ಹದಿನೆಂಟು ಬಾರಿ ಆವಿಯಾಗುವಷ್ಟು ತಾಪವಿತ್ತು.

ಇಂಥ ತಾಪವನ್ನು ಹೀರಿಕೊಳ್ಳುವುದಾಗಲಿ ಹಿಂದಿರುಗಿ ಹೊರಸೂಸುವುದಾಗಲಿ ಆಗದ ಮಾತು. ಗೆಲಿಲಿಯೋ ಶೋಧಕದ ಮೂಗಿನ ಮೇಲೆ ಬಿದ್ದ ತಾಪದ ಗರಿಷ್ಠ ಪ್ರಮಾಣ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 30 ಕಿಲೋವಾಟ್ ಎಂದು ಅಂದಾಜು. ಸೂರ್ಯನ ಮೇಲ್ಮೈಯ ಒಂದು ಚದರ ಸೆಂಟಿಮೀಟರ್ ಸೂಸುವುದು 6.3 ಕಿಲೋವಾಟ್ ಮಾತ್ರ. ಇಂಗಾಲವು ಆವಿಯಾಗತೊಡಗುವ 4,000 ಕೆಲ್ವಿನ್ ಆಸುಪಾಸಿನಲ್ಲಿ ಹೊಳೆಯುವ ಕವಚವು ತನ್ನ ಬೆಳಕಿನ ಮೂಲಕ ಹಿಂದಿರುಗಿಸಬಲ್ಲದ್ದು ಬಂದ ತಾಪದ ಇಪ್ಪತ್ತನೇ ಒಂದು ಭಾಗವನ್ನಷ್ಟೇ. ಅಮೆರಿಕದ ಸ್ಪೇಸ್ ಷಟಲ್‌ನ ಹೆಂಚುಗಳು ತಾಪವನ್ನು ಹೊರಸೂಸಿಯೇ ಉಳಿದುಕೊಳ್ಳುತ್ತಿದ್ದವು. ಗುರುವಿನಲ್ಲಿ ಆ ಉಪಾಯಕ್ಕೆ ಅರ್ಥವಿಲ್ಲ.

ಉಳಿದ ದಾರಿ ಅಬ್ಲೇಶನ್, ಅಂದರೆ ಕವಚವನ್ನೇ ಪದರ ಪದರವಾಗಿ ಬಲಿಕೊಡುವುದು. ಗೆಲಿಲಿಯೋ ಶೋಧಕದ ಮುಂಭಾಗಕ್ಕೆ ಕಾರ್ಬನ್ ಫೀನಾಲಿಕ್ ಎಂಬ ವಸ್ತುವನ್ನು ಬಳಸಲಾಯಿತು. ಇದು ಇಂಗಾಲದ ನಾರಿನ ಬಟ್ಟೆಗೆ ಫೀನಾಲಿಕ್ ರಾಳವನ್ನು ಊಡಿಸಿ, ಒತ್ತಿ, ಕಾಯಿಸಿ ಗಟ್ಟಿಗೊಳಿಸಿದ ದಟ್ಟ ವಸ್ತು. ಅಷ್ಟಾಗಿ ಕಾಯದ ಹಿಂಭಾಗಕ್ಕೆ ಫೀನಾಲಿಕ್ ನೈಲಾನ್ ಸಾಕಾಯಿತು. ತಾಪ ತಗುಲಿದಾಗ ಮೊದಲು ರಾಳವು ಕೊಳೆದು ಅನಿಲವಾಗುತ್ತದೆ, ಹಿಂದೆ ಇದ್ದಿಲಿನಂಥ ಪದರ ಉಳಿಯುತ್ತದೆ. ಒಳಗಿನಿಂದ ಹೊಮ್ಮುವ ಅನಿಲವು ಆ ಇದ್ದಿಲಿನ ರಂಧ್ರಗಳ ಮೂಲಕ ಹಾಯುತ್ತಾ ಅದನ್ನು ತಣಿಸುತ್ತದೆ, ಹೊರಬಂದು ಬಿಸಿ ಅನಿಲವನ್ನು ಮೇಲ್ಮೈಯಿಂದ ಆಚೆಗೆ ನೂಕುತ್ತದೆ. ಇದ್ದಿಲೂ ಕೊನೆಗೆ ಆವಿಯಾಗುತ್ತದೆ, ಕೆಲವೆಡೆ ಚಕ್ಕೆಗಳಾಗಿ ಎದ್ದುಹೋಗುತ್ತದೆ. ಹೀಗೆ ಎದ್ದ ಇಂಗಾಲದ ಆವಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಪ್ಲಾಸ್ಮಾದ ಬೆಳಕಿನ ಒಂದು ಭಾಗವನ್ನು ಕವಚ ತಲುಪುವ ಮೊದಲೇ ಹೀರಿಕೊಳ್ಳುತ್ತದೆ.

ಈ ರಕ್ಷಣೆಯ ಬೆಲೆ ತೂಕ. 339 ಕಿಲೋಗ್ರಾಂ ತೂಗುತ್ತಿದ್ದ ಶೋಧಕದಲ್ಲಿ ಉಷ್ಣ ಕವಚವೊಂದೇ 152 ಕಿಲೋಗ್ರಾಂ. ಪ್ರವೇಶದ ಅವಧಿಯಲ್ಲಿ ಅದರಿಂದ ಸುಮಾರು 80 ಕಿಲೋಗ್ರಾಂ ಸವೆದುಹೋಯಿತು. ಸವೆದದ್ದೆಲ್ಲವೂ ಆವಿಯಾದ ಇಂಗಾಲವೆಂದೇ ಇಟ್ಟುಕೊಂಡು ಸ್ಥೂಲವಾಗಿ ಲೆಕ್ಕಹಾಕಿದರೆ, ಅದಕ್ಕೆ ಬೇಕಾದ ಶಕ್ತಿ ಶೋಧಕದ ಒಟ್ಟು ಚಲನಶಕ್ತಿಯ ಶೇಕಡ 1ಕ್ಕಿಂತ ತುಸು ಹೆಚ್ಚು. ಮಿಕ್ಕದ್ದು ಬಹುಪಾಲು ಗುರುವಿನ ಅನಿಲದಲ್ಲಿ ಹರಡಿಹೋಯಿತು.

ನೆಲದ ಮೇಲಿನ ಪರೀಕ್ಷೆಗಳು

ಇಂಥ ಪರಿಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಯಥಾವತ್ತಾಗಿ ಸೃಷ್ಟಿಸುವುದು ಆಗಲೂ ಸಾಧ್ಯವಿರಲಿಲ್ಲ, ಈಗಲೂ ಇಲ್ಲ. ಏಮ್ಸ್ ಕೇಂದ್ರದಲ್ಲಿ ವಿದ್ಯುತ್ ಚಾಪದಿಂದ ಜಲಜನಕ ಮತ್ತು ಹೀಲಿಯಂ ಮಿಶ್ರಣವನ್ನು ಕಾಯಿಸಿ ಮಾದರಿಗಳ ಮೇಲೆ ಹಾಯಿಸುವ ವಿಶೇಷ ಸೌಲಭ್ಯವೊಂದನ್ನು ಇದಕ್ಕಾಗಿಯೇ ನಿರ್ಮಿಸಲಾಗಿತ್ತು. ಚಿಕ್ಕ ಮಾದರಿಗಳನ್ನು ಅಲ್ಲಿ ಪರೀಕ್ಷಿಸಿ, ಫಲಿತಾಂಶಗಳನ್ನು ಗಣಕ ಲೆಕ್ಕಾಚಾರಗಳ ಮೂಲಕ ನಿಜವಾದ ಗಾತ್ರಕ್ಕೂ ವೇಗಕ್ಕೂ ವಿಸ್ತರಿಸಲಾಯಿತು. ಆ ಸೌಲಭ್ಯವನ್ನು ಮುಂದೆ ಮುಚ್ಚಲಾಯಿತು. ಲೆಕ್ಕದಲ್ಲಿ ಖಚಿತತೆ ಇಲ್ಲದಲ್ಲೆಲ್ಲ ಕವಚಕ್ಕೆ ದಪ್ಪ ಸೇರಿಸುವುದೊಂದೇ ವಿನ್ಯಾಸಕಾರರಿಗಿದ್ದ ಪರಿಹಾರ. ಮೂಗಿನ ತುದಿಯಲ್ಲಿ ಕವಚದ ದಪ್ಪ ಸುಮಾರು 14.6 ಸೆಂ.ಮೀ., ಶಂಕುವಿನ ಪಾರ್ಶ್ವದಲ್ಲಿ 5.4 ಸೆಂ.ಮೀ. ಇತ್ತು.

1995ರ ಪ್ರವೇಶ

ಬಾಹ್ಯಾಕಾಶ ನೌಕೆ ಅಟ್ಲಾಂಟಿಸ್ ಮೂಲಕ 1989ರ ಅಕ್ಟೋಬರ್ 18ರಂದು ಉಡಾವಣೆಗೊಂಡ ಗೆಲಿಲಿಯೋ ಗುರುವನ್ನು ತಲುಪಲು ಆರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಶೋಧಕದ ಪ್ರವೇಶ ಮಾತ್ರ ಕೆಲವೇ ನಿಮಿಷಗಳ ವಿದ್ಯಮಾನ. ಎರಡು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಅದರ ವೇಗ ಸೆಕೆಂಡಿಗೆ 47 ಕಿ.ಮೀ.ಗಳಿಂದ ಶಬ್ದದ ವೇಗಕ್ಕಿಂತ ಕೆಳಕ್ಕೆ ಇಳಿಯಿತು. ಈ ವೇಗಕುಂಠನದ ಗರಿಷ್ಠ ಮಟ್ಟ ಭೂಮಿಯ ಗುರುತ್ವದ 228 ಪಟ್ಟು. ಆ ಕ್ಷಣದಲ್ಲಿ ಒಳಗಿದ್ದ ಒಂದು ಕಿಲೋಗ್ರಾಂ ತೂಕದ ಉಪಕರಣವು ತನ್ನ ಆಧಾರದ ಮೇಲೆ 228 ಕಿಲೋಗ್ರಾಂನಷ್ಟು ಭಾರ ಹೇರುತ್ತಿತ್ತು.

ಆ ಹೊತ್ತಿನಲ್ಲಿ ಶೋಧಕದಿಂದ ಯಾವ ಸಂದೇಶವೂ ಬರುವಂತಿರಲಿಲ್ಲ. ಪ್ಲಾಸ್ಮಾದ ಹೊದಿಕೆ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಅಳತೆಗಳನ್ನು ಸ್ಮೃತಿಕೋಶದಲ್ಲಿ ಕೂಡಿಟ್ಟು, ಪ್ಯಾರಾಚೂಟಿನಲ್ಲಿ ಇಳಿಯುವಾಗ ಮೇಲೆ ಹಾದುಹೋಗುತ್ತಿದ್ದ ಮಾತೃನೌಕೆಗೆ ರವಾನಿಸಲಾಯಿತು. ಪ್ಯಾರಾಚೂಟ್ ನಿಗದಿಗಿಂತ 53 ಸೆಕೆಂಡು ತಡವಾಗಿ ಬಿಚ್ಚಿಕೊಂಡಿತು. ವೇಗಕುಂಠನವನ್ನು ಗ್ರಹಿಸುವ ಸ್ವಿಚ್ಚುಗಳ ತಂತಿಗಳು ಅದಲುಬದಲಾಗಿದ್ದುದೇ ಇದಕ್ಕೆ ಕಾರಣವಿರಬೇಕೆಂದು ಅನಂತರದ ಪರಿಶೀಲನೆ ತಿಳಿಸಿತು. ಪರಿಣಾಮವಾಗಿ ನೇರ ಅಳತೆಗಳು ಯೋಜಿಸಿದ್ದಕ್ಕಿಂತ ಕೆಳಮಟ್ಟದಿಂದ ಶುರುವಾದವು. ಸುಟ್ಟ ಕವಚ ಕಳಚಿಬಿದ್ದ ಮೇಲೆ ಶೋಧಕವು ಸುಮಾರು 58 ನಿಮಿಷಗಳ ಕಾಲ ಮಾಹಿತಿ ಕಳುಹಿಸಿತು. ಸುತ್ತಲಿನ ಒತ್ತಡ ಭೂಮಿಯ ವಾತಾವರಣದ ಇಪ್ಪತ್ತೆರಡು ಪಟ್ಟಿನಷ್ಟು, ಉಷ್ಣತೆ 150 ಡಿಗ್ರಿ ಸೆಲ್ಸಿಯಸ್‌ನಷ್ಟು ಆಗುವ ಹೊತ್ತಿಗೆ ಅದು ಮೌನವಾಯಿತು. ಈ ಅಂತ್ಯಕ್ಕೆ ವಾಯುಬಲ ತಾಪನ ಕಾರಣವಲ್ಲ. ಅದು ಗುರುವಿನ ಒಳಪದರಗಳ ಸಹಜ ಬಿಸಿ.

ಸವೆತದ ಅಳತೆ

ಕವಚದೊಳಗೆ ಹತ್ತು ಸವೆತ ಸಂವೇದಕಗಳನ್ನು ಹೂಳಲಾಗಿತ್ತು. ಕವಚ ಸವೆದಂತೆ ಸಂವೇದಕದ ಉದ್ದವೂ ಕುಗ್ಗಿ ಅದರ ವಿದ್ಯುತ್ ರೋಧ ಬದಲಾಗುತ್ತದೆ; ಆ ಬದಲಾವಣೆಯಿಂದ ಉಳಿದ ದಪ್ಪವನ್ನು ತಿಳಿಯಬಹುದು. ಇವುಗಳನ್ನು ಇಟ್ಟದ್ದು ಕವಚದ ಮೇಲಿನ ಕುತೂಹಲದಿಂದ ಮಾತ್ರವಲ್ಲ. ಗುರುವಿನ ಮೇಲ್ಪದರಗಳ ಸಾಂದ್ರತೆಯನ್ನು ಶೋಧಕದ ವೇಗಕುಂಠನದಿಂದ ಲೆಕ್ಕಹಾಕಬೇಕಿತ್ತು. ಅದಕ್ಕೆ ಪ್ರತಿ ಕ್ಷಣದಲ್ಲೂ ಶೋಧಕದ ತೂಕವೆಷ್ಟು, ಆಕಾರವೇನು ಎಂಬುದು ಗೊತ್ತಿರಬೇಕು. ಕೆಲವೇ ಸೆಕೆಂಡುಗಳಲ್ಲಿ ತನ್ನ ತೂಕದ ಕಾಲುಭಾಗದಷ್ಟನ್ನು ಕಳೆದುಕೊಳ್ಳುವ ಕಾಯದ ವಿಷಯದಲ್ಲಿ ಇದು ಊಹೆಗೆ ಬಿಡುವ ಮಾತಲ್ಲ.

ಸಂವೇದಕಗಳು ಕೊಟ್ಟ ಉತ್ತರ ಲೆಕ್ಕಾಚಾರಗಳಿಗೆ ಹೊಂದಲಿಲ್ಲ. ಮೂಗಿನ ತುದಿಯಲ್ಲಿ ಸವೆತ ನಿರೀಕ್ಷೆಗಿಂತ ಬಹಳ ಕಡಿಮೆಯಾಗಿತ್ತು. ಅಲ್ಲಿ ಹೊತ್ತೊಯ್ದ ದಪ್ಪದಲ್ಲಿ ಹೆಚ್ಚಿನದು ಹಾಗೆಯೇ ಉಳಿದಿತ್ತು. ಪಾರ್ಶ್ವದ ಅಂಚಿನತ್ತ, ಶಂಕುವಿನ ಭುಜದಲ್ಲಿ, ಸವೆತ ನಿರೀಕ್ಷೆಗಿಂತ ಹೆಚ್ಚಾಗಿತ್ತು. ಮೊದಲೇ ತೆಳುವಾಗಿದ್ದ ಕವಚ ಅಲ್ಲಿ ಬಹುತೇಕ ಮುಗಿಯುತ್ತಾ ಬಂದಿತ್ತು. ಒಟ್ಟು ಸವೆತ ಅಂದಾಜಿಗೆ ಸಮೀಪವಾಗಿದ್ದರೂ ಅದು ಹಂಚಿಕೆಯಾದ ರೀತಿ ತಪ್ಪಾಗಿತ್ತು. ಇಂಥ ಕವಚವು ಒಂದೇ ಕಡೆ ತೂತಾದರೂ ಶೋಧಕ ಉಳಿಯುವುದಿಲ್ಲವಾದ್ದರಿಂದ, ಒಟ್ಟು ಮೊತ್ತ ಸರಿಯಾಗಿರುವುದರಿಂದ ಪ್ರಯೋಜನ ಅಲ್ಪ. ಅನಂತರದ ವಿಶ್ಲೇಷಣೆಗಳು ಮುಖ್ಯವಾಗಿ ಎರಡು ಕಾರಣಗಳನ್ನು ಮುಂದಿಡುತ್ತವೆ. ಮೂಗಿನ ಮುಂದೆ ಕವಚದ ಆವಿಯು ಪ್ಲಾಸ್ಮಾದ ಬೆಳಕನ್ನು ಎಣಿಸಿದ್ದಕ್ಕಿಂತ ಚೆನ್ನಾಗಿ ತಡೆದಿರಬೇಕು. ಪಾರ್ಶ್ವದಲ್ಲಿ ಅದೇ ಆವಿಯ ಹರಿವು ಪ್ರಕ್ಷುಬ್ಧಗೊಂಡು, ಬಿಸಿ ಅನಿಲದೊಂದಿಗೆ ಬೆರೆತು, ತಾಪವನ್ನು ಮೇಲ್ಮೈಗೆ ತಂದಿರಬೇಕು.

ಕವಚವಿಲ್ಲದ ಪ್ರವೇಶಗಳು

ರಕ್ಷಣೆ ಇಲ್ಲದ ಕಾಯಗಳಿಗೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 1994ರ ಜುಲೈ ತಿಂಗಳಲ್ಲಿ ಶೂಮೇಕರ್–ಲೆವಿ 9 ಧೂಮಕೇತುವಿನ ತುಣುಕುಗಳು ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗದಲ್ಲಿ ಗುರುವಿಗೆ ಅಪ್ಪಳಿಸಿದವು. ಅವುಗಳಿಂದೆದ್ದ ಬೆಂಕಿಯ ಚೆಂಡುಗಳನ್ನು ಆಗಿನ್ನೂ ದಾರಿಯಲ್ಲಿದ್ದ ಗೆಲಿಲಿಯೋ ನೇರವಾಗಿ ವೀಕ್ಷಿಸಿತು. ತನ್ನ ಕೆಲಸ ಮುಗಿಸಿದ ಗೆಲಿಲಿಯೋ ಮಾತೃನೌಕೆಯನ್ನೂ 2003ರ ಸೆಪ್ಟೆಂಬರ್ 21ರಂದು ಗುರುವಿನೊಳಕ್ಕೆ ಬೀಳಿಸಲಾಯಿತು. ಭೂಮಿಯ ಸೂಕ್ಷ್ಮಜೀವಿಗಳು ಅದರಿಂದ ಯುರೋಪಾ ಉಪಗ್ರಹಕ್ಕೆ ಅಂಟದಿರಲೆಂಬುದು ಇದರ ಉದ್ದೇಶ. ಕಸೀನಿ ನೌಕೆಯನ್ನು ಇಂಥದೇ ಕಾರಣಕ್ಕೆ 2017ರ ಸೆಪ್ಟೆಂಬರ್ 15ರಂದು ಶನಿಯ ವಾತಾವರಣದಲ್ಲಿ ಉರಿಸಲಾಯಿತು. ಇಲ್ಲಿ ವಾಯುಬಲ ತಾಪನವೇ ಶುದ್ಧೀಕರಣದ ಸಾಧನವಾಯಿತು.

ಮುಂದಿನ ಶೋಧಕಗಳು

ಗೆಲಿಲಿಯೋ ಕವಚವನ್ನು ಮತ್ತೆ ಅದೇ ರೀತಿ ತಯಾರಿಸಲು ಆಗುವುದಿಲ್ಲ. ಅದರ ಇಂಗಾಲದ ನಾರಿಗೆ ಮೂಲವಾಗಿದ್ದ ನಿರ್ದಿಷ್ಟ ಬಗೆಯ ರೇಯಾನ್ ತಯಾರಿಕೆ ನಿಂತುಹೋಗಿದೆ. ನಾರು ಬದಲಾದರೆ ಹಳೆಯ ಪರೀಕ್ಷೆಗಳ ಫಲಿತಾಂಶಗಳನ್ನು ಹಾಗೆಯೇ ನಂಬುವಂತಿಲ್ಲ. ಇದಕ್ಕೆ ಬದಲಿಯಾಗಿ ನಾಸಾ 2010ರ ದಶಕದಲ್ಲಿ ಹೀಟ್ ಎಂಬ ಸಂಕ್ಷಿಪ್ತ ಹೆಸರಿನ ಹೊಸ ಕವಚವನ್ನು ರೂಪಿಸಿತು. ಇದರಲ್ಲಿ ನಾರುಗಳನ್ನು ಬಟ್ಟೆಯಂತೆ ಎರಡು ದಿಕ್ಕುಗಳಲ್ಲಿ ಮಾತ್ರವಲ್ಲದೆ ದಪ್ಪದ ದಿಕ್ಕಿನಲ್ಲೂ ನೇಯಲಾಗುತ್ತದೆ. ಹೊರಗಿನ ದಟ್ಟ ನೇಯ್ಗೆ ಸವೆತವನ್ನು ತಾಳುತ್ತದೆ, ಒಳಗಿನ ಸಡಿಲ ನೇಯ್ಗೆ ತಾಪ ಒಳಹೋಗದಂತೆ ತಡೆಯುತ್ತದೆ. ಪದರಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಬಿಡಿಸಿಕೊಂಡು ಏಳುವ ಭಯವೂ ಕಡಿಮೆ.

ಅಮೆರಿಕದ ಗ್ರಹವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ದಶವಾರ್ಷಿಕ ಸಮೀಕ್ಷೆಯು ಯುರೇನಸ್‌ಗೆ ಪರಿಭ್ರಮಣ ನೌಕೆ ಮತ್ತು ಶೋಧಕವನ್ನು ಕಳುಹಿಸುವ ಯೋಜನೆಗೆ ದೊಡ್ಡ ಯೋಜನೆಗಳಲ್ಲಿ ಮೊದಲ ಸ್ಥಾನ ನೀಡಿತು. ಯುರೇನಸ್ ಪ್ರವೇಶದ ವೇಗ ಗುರುವಿನ ಅರ್ಧಕ್ಕೂ ಕಡಿಮೆಯಾಗಿರುವುದರಿಂದ ವಿಕಿರಣದ ತಾಪ ಅಲ್ಲಿ ಅಷ್ಟು ದೊಡ್ಡ ಸಮಸ್ಯೆಯಲ್ಲ. ಕವಚದ ತೂಕ ತಗ್ಗಿಸಿ ಉಪಕರಣಗಳಿಗೆ ಹೆಚ್ಚು ಜಾಗ ಕೊಡಬಹುದು. ಶನಿಯಲ್ಲಿ ತೊಡಕು ಬೇರೆ ಬಗೆಯದು. ಭ್ರಮಣದ ಪೂರ್ಣ ನೆರವು ಸಿಗುವುದು ಸಮಭಾಜಕದ ಬಳಿ, ಆದರೆ ಅದೇ ಸಮತಲದಲ್ಲಿ ಅದರ ಉಂಗುರಗಳೂ ಇವೆ. ಅವುಗಳನ್ನು ತಪ್ಪಿಸಿ ಒಳಹೊಗುವ ಪಥವನ್ನು ಆರಿಸಿಕೊಂಡರೆ ಪ್ರವೇಶದ ವೇಗದಲ್ಲಿ ಒಂದಷ್ಟು ಏರಿಕೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ.